ಬೆಳ್ಳಿತೆರೆಯಲ್ಲಿ ದುರುಗಪ್ಪ ತಿಂದ ಕೆರದೇಟು

ಆ ಚಿತ್ರಕ್ಕೆ ಬೆಂಗಳೂರಿನವರು ಏನೋ ಒಂದು ಭಾರಿ ಹೆಸರಿಟ್ಟಿದ್ದರು. ಪೋಸ್ಟರಿನ ತುಂಬ ಬೆಂಕಿ, ಬೆಂಕಿಯ ನಡುವೆ ಹೀರೋನ ಕೆಂಪು ಮುಖ, ಅದರ ಕೆಳಗೆ ‘ಜೀತದ ಸಂಕೋಲೆ ಕಡಿದ ಧೀರನ ಕಥೆ’ ಎಂಬ ಸಾಲು. ಆದರೆ ಮಾನ್ವಿ ತಾಲೂಕಿನಲ್ಲಿ ಆ ಹೆಸರು ಹಿಡಿದು ಕೇಳಿದ್ದರೆ ಯಾರೂ ಗುರುತಿಸುತ್ತಿರಲಿಲ್ಲ. ‘ದುರುಗಪ್ಪನ ಪಿಚ್ಚರ್’ ಅಂದರೆ ಮಾತ್ರ ಮೂಗು ಸೋರುವ ಮಕ್ಕಳೂ ದಾರಿ ತೋರಿಸುತ್ತಿದ್ದವು.

ದುರುಗಪ್ಪ ಅಂದರೆ ಕಲ್ಲೂರಿನ ಕುರಿ ದುರುಗಪ್ಪ. ಆಳು ಹೇಗೆ ಅಂತೀರಿ? ಬಾಗಿಲಲ್ಲಿ ನಿಂತರೆ ಮನೆಯೊಳಗೆ ಬೆಳಕು ಬರುತ್ತಿರಲಿಲ್ಲ. ಮೀಸೆ, ಎದೆ, ತೋಳು ಎಲ್ಲವನ್ನೂ ದೇವರು ಧಾರಾಳವಾಗಿ ಕೊಟ್ಟು, ಧ್ವನಿಯ ಹೊತ್ತಿಗೆ ಕೈ ಬಿಗಿಹಿಡಿದಿದ್ದ. ಮರಿ ಸತ್ತರೆ ಕೂತು ಅಳುವ ಮನುಷ್ಯ. ಚಿಕ್ಕಂದಿನಿಂದ ಗೌಡರ ಮನೆಯಲ್ಲಿ ಜೀತಕ್ಕಿದ್ದ. ಹೆಂಡತಿ ಬೂದೆಮ್ಮನೂ ಅದೇ ಮನೆಯ ದನದ ಕೊಟ್ಟಿಗೆ ಬಳಿದವಳು. ಎಮರ್ಜೆನ್ಸಿಯ ಕಾಲದಲ್ಲಿ ಜೀತ ಬಿಡಿಸುವ ಕಾಯ್ದೆ ಬಂದು, ತಹಸೀಲ್ದಾರರು ಬಂದು, ಗೌಡರು ಮುಖ ಗಂಟಿಕ್ಕಿಕೊಂಡು ‘ಹೋಗ್ರಲೇ’ ಅಂದ ದಿನ ಇಬ್ಬರೂ ಹೊರಬಿದ್ದರು. ಈಗ ಆ ಗೌಡರಿಲ್ಲ. ದುರುಗಪ್ಪನಿಗೆ ಸ್ವಂತದ ಕುರಿಹಿಂಡು ಇತ್ತು, ಮಗಳು ಬಂಡೆಮ್ಮ ಮದುವೆಗೆ ಬಂದಿದ್ದಳು, ಮತ್ತೇನು ಬೇಕು?

ಪಿಚ್ಚರಿನ ಸಂಗತಿ ನಡೆದದ್ದು ಎಂಬತ್ತರ ಬೇಸಿಗೆಯಲ್ಲಿ. ದುರುಗಪ್ಪ ಕುರಿ ಹೊಡೆದುಕೊಂಡು ದೇವದುರ್ಗದ ಕಡೆ ಹೋಗಿದ್ದ. ಅಲ್ಲಿ ಗುಡ್ಡದ ಬುಡದಲ್ಲಿ ಒಂದು ಸಿನಿಮಾ ಕಂಪನಿ ಡೇರೆ ಹಾಕಿತ್ತು. ಜೀತದ ಮೇಲೆ ಪಿಚ್ಚರ್ ತೆಗೆಯುತ್ತಿದ್ದಾರೆ, ಮಂದಿ ಬೇಕಾಗಿದೆ ಅಂತ ಸುದ್ದಿ ಬಂತು. ದುರುಗಪ್ಪ ಕುರಿಗಳನ್ನು ಜೊತೆಯವನಿಗೆ ಒಪ್ಪಿಸಿ, ತಲೆಗೆ ನೀರು ತಟ್ಟಿಕೊಂಡು, ಮ್ಯಾನೇಜರನ ಮುಂದೆ ಹೋಗಿ ನಿಂತ.

“ನಾ ಜೀತ ಮಾಡೀನ್ರೀ ಸಾಹೇಬ್ರ. ನನಗ ಬರ್ತದ. ಯಾರೂ ಕಲಿಸೋದು ಬ್ಯಾಡ.”

ಮ್ಯಾನೇಜರ್ ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ ನಕ್ಕುಬಿಟ್ಟ. “ನೀನು ಜೀತದಾಳಿನ ಥರ ಕಾಣಲ್ಲ ಕಣಯ್ಯ. ಗೌಡನ ಕಡೆ ರೌಡಿ ಆಗು.”

ಜೀತದಾಳುಗಳಾಗುವುದಕ್ಕೆ ಬೆಂಗಳೂರಿನಿಂದಲೇ ತೆಳ್ಳನೆಯ ಮಂದಿಯನ್ನು ಬಸ್ಸಿನಲ್ಲಿ ತುಂಬಿಕೊಂಡು ಬಂದಿದ್ದರು. ಅವರ ಮೈಗೆ ಮಸಿ ಬಳಿದು, ಹೊಸ ಪಂಚೆಗಳನ್ನು ಬ್ಲೇಡಿನಿಂದ ಹರಿದು ಉಡಿಸುತ್ತಿದ್ದರು. ದುರುಗಪ್ಪ ಅದನ್ನು ಬೆರಗಾಗಿ ನೋಡಿದ. ಅವನ ಕೈಗೆ ಬಾರುಕೋಲು ಕೊಟ್ಟು, ಆ ತೆಳ್ಳನೆಯವರ ಬೆನ್ನಿಗೆ ಬೀಸಲು ಹೇಳಿದರು. ಮನಸ್ಸಿಲ್ಲದ ಮನಸ್ಸಿನಿಂದ ಗಾಳಿಗೆ ಬೀಸಿದ.

ಆಮೇಲೆ ಹೀರೋ ಬಂದ. ಎತ್ತಿನ ಬಂಡಿಯ ಮೇಲಿಂದ ಹಾರಿ, ರೌಡಿಗಳನ್ನೆಲ್ಲ ಹುಲ್ಲಿನ ಬಣವೆಗೆ ಎಸೆದು, ಕೊನೆಗೆ ದುರುಗಪ್ಪನ ಎದುರು ನಿಂತ. ಬಗ್ಗಿ ಕಾಲಿನ ಕೆರ ತೆಗೆದುಕೊಂಡು ಕೆನ್ನೆಗೆ ಬಾರಿಸಬೇಕು, ದುರುಗಪ್ಪ ಬೀಳಬೇಕು, ಇದು ಆಟ. “ಚಪ್ಪಲಿ ನಿನಗೆ ತಾಗಲ್ಲ, ಹತ್ತಿರ ಬಂದಾಗ ಮುಖ ತಿರುಗಿಸು ಅಷ್ಟೇ” ಎಂದು ಫೈಟ್ ಮಾಸ್ಟರ್ ಚೆನ್ನಾಗಿ ಹೇಳಿಕೊಟ್ಟಿದ್ದ. ಆದರೆ ಹೀರೋನ ಕಣ್ಣಿಗೆ ಬಿಸಿಲು ಹೊಡೆಯಿತೋ, ದುರುಗಪ್ಪ ಮುಖ ತಿರುಗಿಸುವುದು ತಡವಾಯಿತೋ, ಕೆರ ಬಂದು ಎಡಗೆನ್ನೆಗೆ ಸರಿಯಾಗಿಯೇ ಕೂತಿತು. ದುರುಗಪ್ಪ ಬಿದ್ದ. ಸುತ್ತಲಿನವರು ಚಪ್ಪಾಳೆ ತಟ್ಟಿ ‘ಓಕೆ ಓಕೆ’ ಅಂದರು. ಹೀರೋ ಓಡಿ ಬಂದು ಎಬ್ಬಿಸಿ, “ಸಾರಿ ಕಣಪ್ಪ, ಏಟಾಯ್ತಾ?” ಅಂತ ಕೆನ್ನೆ ಸವರಿ, ಪಕ್ಕದಲ್ಲಿ ಕೂರಿಸಿಕೊಂಡು ಚಹಾ ಕುಡಿಸಿದ. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ದುರುಗಪ್ಪ ಊರಿಗೆ ಬಂದು ಚಹಾದ ಕಥೆಯನ್ನು ಎಲ್ಲರಿಗೂ ಹೇಳಿದ. ಕೆರ ತಾಗಿದ್ದನ್ನು ಮಾತ್ರ ನುಂಗಿಕೊಂಡ.

ಯಾಕೆ ಅಂದರೆ ಅವರ ಕುಲದಲ್ಲಿ ಕೆರದೇಟು ತಿನ್ನುವುದು ಸಣ್ಣ ಮಾತಲ್ಲ. ಕೋಲಿನಿಂದ ಹೊಡೆದರೆ ಗಾಯ, ಕೈಯಿಂದ ಹೊಡೆದರೆ ಜಗಳ. ಕೆರದಿಂದ ಹೊಡೆದರೆ ತಿಂದವನೇ ಕುಲಕ್ಕೆ ಹೊರಗಾದ. ಕುಲ ಕೂಡಿ, ಕುಲದೇವರು ಬೀರಪ್ಪನ ಭಂಡಾರದ ಅರಿಸಿನ ಹಣೆಗೆ ಹಚ್ಚಿ ಒಳಗೆ ಕರೆದುಕೊಳ್ಳುವ ತನಕ ಅವನ ಮನೆಯಲ್ಲಿ ಯಾರೂ ನೀರು ಮುಟ್ಟುವಂತಿಲ್ಲ. ಒಳಗೆ ಬಂದ ಮೇಲೂ ‘ಕೆರ ತಿಂದವನ ಮನಿ’ ಎಂಬ ಹೆಸರು ಹೋಗುವುದಿಲ್ಲ. ಹೊಡೆದವನಿಗೆ ಏನೂ ಇಲ್ಲ, ನೋಡಿರಿ.

ಪಿಚ್ಚರ್ ಮೊದಲು ರಾಯಚೂರಿಗೆ ಬಂತು. ಉಣ್ಣೆ ಮಾರಲು ಹೋದ ದುರುಗಪ್ಪ ಗೋಡೆಯ ಮೇಲಿನ ಪೋಸ್ಟರ್ ನೋಡಿ, ಥೇಟರಿನೊಳಗೆ ನುಗ್ಗಿ, ತನ್ನನ್ನು ತಾನೇ ಕಂಡ. ಮೂರಾಳೆತ್ತರ ಎಂದರೆ ಮೂರಾಳೆತ್ತರವೇ! ಮೀಸೆಯೊಂದೇ ಮೊಳದುದ್ದ. ಅವನಿಗಾದ ಸಂತೋಷದಲ್ಲಿ ಕೆರದ ನೆನಪೇ ಹಾರಿಹೋಯಿತು. ಊರಿಗೆ ಬಂದು ಕಂಡಕಂಡವರಿಗೆಲ್ಲ, “ನಾ ಪಿಚ್ಚರ್‌ನ್ಯಾಗ ಬಂದೀನಿ, ನೋಡ್ರಿ, ತಪ್ಪಿಸಬ್ಯಾಡ್ರಿ” ಎಂದು ಸಾರಿಕೊಂಡು ತಿರುಗಿದ. ತನ್ನ ಕಾಲಿನ ಮೇಲೆ ತಾನೇ ಕಲ್ಲು ಹಾಕಿಕೊಳ್ಳುವುದು ಅಂದರೆ ಇದೇ ಅಲ್ಲವೇ?

ಅಷ್ಟರಲ್ಲಿ ಬಂಡೆಮ್ಮನಿಗೆ ಬಾಗಲವಾಡದಿಂದ ಸಂಬಂಧ ಬಂತು. ಹುಡುಗ ಕನಕಪ್ಪ, ಕುಲದ ಯಜಮಾನ ಯಮನೂರಪ್ಪನ ಮೊಮ್ಮಗ. ಹುಡುಗಿ ನೋಡುವ ದಿನ ಅವನು ಬಂಡೆಮ್ಮ ಕೊಟ್ಟ ನೀರನ್ನು ಕುಡಿಯುವುದು ಬಿಟ್ಟು ಅವಳನ್ನೇ ನೋಡುತ್ತ ಅಂಗಿಯ ಮೇಲೆ ಚೆಲ್ಲಿಕೊಂಡಿದ್ದ. ಬಂಡೆಮ್ಮ ಒಳಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಆಮೇಲೆ ತಾಯಿಯ ಮುಂದೆ, “ಅವ ಆದ್ರ ಆಗವಲ್ಲದ್ಯಾಕ” ಅಂದಳು. ಅಂಥ ಬಿಗಿ ಬಾಯಿಯ ಹುಡುಗಿ ಅಷ್ಟು ಅಂದರೆ ಒಪ್ಪಿದಳು ಅಂತಲೇ ಅರ್ಥ. ನಿಶ್ಚಯದ ವೀಳ್ಯಕ್ಕೆ ದಿನ ಗೊತ್ತು ಮಾಡುವುದೊಂದೇ ಬಾಕಿ.

ಆಗ ಮಾನ್ವಿಯ ಮಲ್ಲಯ್ಯನ ಟೂರಿಂಗ್ ಟಾಕೀಸಿಗೆ ಪಿಚ್ಚರ್ ಬಂತು. ಬೀಗರಾಗುವವನು ಪಿಚ್ಚರಿನಲ್ಲಿದ್ದಾನೆ ಅಂತ ಬಾಗಲವಾಡದ ಹುಡುಗರು ಸೈಕಲ್ಲು ತುಳಿದುಕೊಂಡು ಬಂದು ನೋಡಿದರು. ಮಾರನೆಯ ದಿನ ಯಮನೂರಪ್ಪನಿಂದ ಮಾತು ಬಂತು: ‘ಮೂರು ತಾಲೂಕಿನ ಮಂದಿಯ ಮುಂದೆ ಕೆರದೇಟು ತಿಂದವನ ಮನೆಗೆ ನಾವು ವೀಳ್ಯ ಹಿಡಿದುಕೊಂಡು ಬರುವುದು ಹೇಗೆ? ಕುಲ ಕೂಡಲಿ. ಖರೆ ಯಾವುದು, ಸುಳ್ಳು ಯಾವುದು ನಾನೇ ಪಿಚ್ಚರ್ ನೋಡಿ ಹೇಳತೀನಿ.’

ಅವತ್ತು ದುರುಗಪ್ಪ ಬೂದೆಮ್ಮನ ಮುಂದೆ ಎಲ್ಲ ಬಿಚ್ಚಿ ಹೇಳಿದ.

ಬೂದೆಮ್ಮ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ. “ತಾಗಿಲ್ಲ ಅನ್ನು. ನಿನ್ನ ಗಲ್ಲ, ನಿನ್ನ ಬಾಯಿ. ಅದೆಲ್ಲಾ ಆಟ ಅಂತ ಕೂಸಿಗೂ ಗೊತ್ತದ.”

“ಭಂಡಾರ ಮುಟ್ಟಿಸಿ ಆಣಿ ಮಾಡಸ್ತಾರಲೇ.”

ಆಗ ಮಾತ್ರ ಅವಳ ಕೈ ನಿಂತಿತು. “ನಿನಗ ಪಿಚ್ಚರ್‌ನ್ಯಾಗ ಮಾರಿ ತೋರಸೂದು ಯಾಕ ಬೇಕಿತ್ತು, ಹಾಟ್ಯಾ? ನಿನ್ನ ಮೀಸಿಗೆ ಬೆಂಕಿ ಹಚ್ಚಲಿ” ಎಂದು ಬೈದು, ಆಮೇಲೆ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು ಅವನ ಮುಂದೆ ತಳ್ಳಿದಳು.

ನ್ಯಾಯದ ಹಿರಿಯರು ಬಂಡಿ ಕಟ್ಟಿಕೊಂಡು ಮಾನ್ವಿಗೆ ಬಂದರು. ಮುಂದೆ ಯಮನೂರಪ್ಪ, ಹೆಗಲ ಮೇಲೆ ಕರಿ ಕಂಬಳಿ, ತೆಳ್ಳನೆಯ ಮೈ, ಹಿಂಡಿನಲ್ಲಿ ಒಂದು ಮರಿ ಕುಂಟಿದರೂ ದೂರದಿಂದ ಹಿಡಿಯುವ ಕಣ್ಣು. ಜೊತೆಗೆ ಕಲ್ಲೂರಿನ ಬೀರಪ್ಪನ ಪೂಜಾರಿ ಸಿದ್ದರಾಮಪ್ಪ. ಟಾಕೀಸಿನ ಬಾಗಿಲಲ್ಲಿ ಸಿದ್ದರಾಮಪ್ಪ, “ನಾವು ನ್ಯಾಯಕ್ಕ ಬಂದೀವಿ, ನಮಗ್ಯಾತರ ಟಿಕೀಟು?” ಅಂದ.

“ನ್ಯಾಯಾನೂ ಟಿಕೀಟ್ ತಗೊಂಡೇ ನೋಡಬೇಕ್ರೀ ಯಪ್ಪಾ” ಎಂದು ಮಲ್ಲಯ್ಯ ಕೈ ಮುಗಿದ. ಜನ ಸೇರಿದ್ದು ನೋಡಿ ಅವನಿಗೆ ಹಿಡಿಸಲಾರದಷ್ಟು ಖುಷಿ.

ಪಿಚ್ಚರ್ ಶುರುವಾಯಿತು. ಮಸಿ ಬಳಿದುಕೊಂಡ ಜೀತದಾಳುಗಳು ಸಾಲಾಗಿ ನಿಂತು ಒಂದು ಹಾಡು ಹೇಳಿದರು. ಹೀರೋ ಜೀತದ ಬಗ್ಗೆ ಒಂದು ಭಾಷಣ ಮಾಡಿದ. ಅಲ್ಲಿಗೆ ಜೀತ ಮುಗಿದು ಬಡಿದಾಟ ಹಿಡಿಯಿತು. ನೆಲದಲ್ಲಿ ಕೂತವರು ಸಿಳ್ಳೆ ಹೊಡೆದರು, ಟವೆಲ್ಲು ತೂರಿದರು. ಕೊನೆಗೆ ಕೆರದ ಏಟು ಬಂತು. ‘ಫಟಾರ್’ ಎಂದು ಡೇರೆಯೇ ನಡುಗುವ ಸದ್ದು.

“ತಾಗಿತು!” ಅಂದರು ಬಾಗಲವಾಡದವರು.

“ಎಲ್ಲೀದು ತಾಗಿದ್ದು? ಸಪ್ಪಳ ಆಮ್ಯಾಲೆ ಬಂತು” ಅಂದರು ಕಲ್ಲೂರಿನವರು.

“ಏ ಮಲ್ಲಯ್ಯ, ಇನ್ನೊಮ್ಮೆ ತೋರ್ಸು!”

ಹಾಡು ಚೆನ್ನಾಗಿದ್ದರೆ ಇನ್ನೊಮ್ಮೆ ಹಾಕಿಸಿಕೊಳ್ಳುವುದು ಮಲ್ಲಯ್ಯನ ಡೇರೆಯಲ್ಲಿ ನಡೆದುಬಂದ ಪದ್ಧತಿ. ಅವನು ದೀಪ ಹಾಕಿಸಿ, ರೀಲು ಹಿಂದಕ್ಕೆ ಸುತ್ತಿಸಿ, ಮತ್ತೆ ಬಿಡಿಸಿದ. ದುರುಗಪ್ಪ ಮತ್ತೆ ಏಟು ತಿಂದ. ಗಲ್ಲ ಅದುರಿತು, ಅದುರಲಿಲ್ಲ ಎಂದು ಮತ್ತೆ ಜಗಳ. ಮತ್ತೆ ತೋರಿಸು. ಪಾಪ, ಹಿಂದಿನ ಗೂಟಕ್ಕೆ ಒರಗಿ ನಿಂತ ದುರುಗಪ್ಪನಿಗೆ ಪ್ರತಿ ಸಲವೂ ಎಡಗೆನ್ನೆ ಚುರ್ರೆನ್ನುತ್ತಿತ್ತು. ಸಾವಿರ ಮಂದಿಯ ಮಧ್ಯೆ ಒಬ್ಬನೇ ಇದ್ದಂತೆ ಅನಿಸಿತು ಅವನಿಗೆ. ಯಮನೂರಪ್ಪ ಮಾತ್ರ ತುಟಿ ಪಿಟ್ಟೆನ್ನಲಿಲ್ಲ. ಪಿಚ್ಚರಿನ ಕೊನೆಯಲ್ಲಿ ಹೀರೋ ಗೌಡನ ಜೊತೆ ಕೈಗೆ ಕೈ ಹಚ್ಚಿ ಬಡಿದಾಡಿ, ಅವನನ್ನು ಪೊಲೀಸರಿಗೊಪ್ಪಿಸುವ ತನಕ ರೆಪ್ಪೆ ಬಡಿಯದೆ ನೋಡಿ, ಕಂಬಳಿ ಕೊಡವಿಕೊಂಡು ಎದ್ದ.

ಮರುದಿನ ಬೆಳಿಗ್ಗೆ ಕಲ್ಲೂರಿನ ಬೀರಪ್ಪನ ಗುಡಿಯ ಮುಂದೆ ಕುಲ ಕೂಡಿತು. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ಬೇವಿನ ಮರದ ಅತ್ತ ಕಡೆ. ಕನಕಪ್ಪ ಮೂಲೆಯಲ್ಲಿ ತಲೆ ಬಗ್ಗಿಸಿ ಕೂತಿದ್ದ. ಬಂಡೆಮ್ಮ ತಾಯಿಯ ಬೆನ್ನಿನ ಹಿಂದೆ ಇದ್ದಳು. ದುರುಗಪ್ಪ ಅವಳ ಬಾಡಿದ ಮುಖವನ್ನೇ ನೋಡಿದ. ಒಂದು ಸುಳ್ಳು, ಒಂದೇ ಒಂದು, ಹೇಳಿಬಿಟ್ಟರೆ ಆ ಮುಖ ಅರಳುತ್ತದಲ್ಲ!

ಮೊದಲು ಪಿಚ್ಚರಿನ ಮಾತೇ ಹೊರಟಿತು. ಹುಡುಗರು, “ಫೈಟ್ ಭಾರಿ ಅವ ಬಿಡ್ರಿ, ರೊಕ್ಕಾ ವಸೂಲ್” ಅಂದರು. ಸಿದ್ದರಾಮಪ್ಪ ಪೂಜಾರಿ ಗಂಟಲು ಸರಿಮಾಡಿಕೊಂಡು, “ಹಂಗಲ್ಲೋ. ನಮ್ಮಂಥವ್ರ ಕಷ್ಟದ ಮ್ಯಾಲೆ ಒಂದು ಪಿಚ್ಚರ್ ತಗದಾರಂದ್ರ ಅದಕ್ಕ ಮೆಚ್ಚಬೇಕು. ಜೀತ ಅಂದ್ರ ಏನು ಅಂತ ದೇಶಕ್ಕ ಗೊತ್ತಾತು” ಅಂದ.

ಬೇವಿನ ಮರದ ಕಡೆಯಿಂದ ಬೂದೆಮ್ಮನ ಧ್ವನಿ ಬಂತು. “ಏನ್ ಗೊತ್ತಾತ್ರೀ ಪೂಜಾರಪ್ಪ? ಅದರಾಗ ಒಂದು ಸಗಣಿ ಬುಟ್ಟಿ ಕಂಡಿತೇನು? ಕೋಳಿ ಕೂಗೂಕಿಂತ ಮುಂಚಿ ಎದ್ದವ್ರು ಒಬ್ಬರಾದ್ರೂ ಕಂಡ್ರೇನು? ಮಾರಿಗೆ ಮಸಿ ಬಳಕೊಂಡು ಹಾಡು ಹೇಳಿದ್ರ ಜೀತ ಆಕ್ಕದೇನು?”

ಹೆಂಗಸರು ಕಿಸಕ್ಕೆಂದರು. ಸಿದ್ದರಾಮಪ್ಪ, “ಆಕಿ ಬಾಯಿಗೆ ಯಾರು ಸಿಗಬೇಕು” ಎಂದು ಗೊಣಗಿ ಭಂಡಾರದ ತಟ್ಟೆಯನ್ನು ಮುಂದಕ್ಕೆ ಸರಿಸಿದ.

ಯಮನೂರಪ್ಪ ದುರುಗಪ್ಪನನ್ನು ಎದುರಿಗೆ ಕರೆದ. “ಬೀರಪ್ಪನ ಭಂಡಾರ ಕೈಯಾಗ ಹಿಡಿ. ಆ ಕೆರ ನಿನ್ನ ಗಲ್ಲಕ್ಕ ತಾಗಿತೋ ಇಲ್ಲೋ?”

ದುರುಗಪ್ಪ ಹಳದಿ ಪುಡಿಯನ್ನು ಮುಷ್ಟಿಯಲ್ಲಿ ಹಿಡಿದ. ‘ತಾಗಿಲ್ಲ’ ಎಂಬುದು ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿ ತೆರೆದ. ಅವನ ದರಿದ್ರ ಬಾಯಿಗೆ ಸುಳ್ಳಿನ ಅಭ್ಯಾಸವೇ ಇಲ್ಲ. ಬಂದದ್ದು ಬೇರೆ ಮಾತು.

“ತಾಗಿತ್ರೀ ಯಪ್ಪಾ. ತಾಗಬಾರದಿತ್ತು, ತಾಗಿತು.”

ಕಟ್ಟೆಯ ಮೇಲೆ ಗದ್ದಲವೆದ್ದಿತು. ಬಂಡೆಮ್ಮ ತಾಯಿಯ ಹೆಗಲಿಗೆ ಮುಖ ಒತ್ತಿದಳು. ಬೂದೆಮ್ಮ ಹಣೆ ಹಣೆ ಬಡಿದುಕೊಂಡಳು. ಬಾಗಲವಾಡದವನೊಬ್ಬ, “ಮುಗೀತಲ್ಲ ಮತ್ತ, ಏಳ್ರಿ, ಬಂಡಿ ಕಟ್ಟಾಮು” ಎಂದು ಎದ್ದೇ ಬಿಟ್ಟ.

“ಕುಂದರ್ಲೇ” ಅಂದ ಯಮನೂರಪ್ಪ. “ನಂದಿನ್ನೂ ಮುಗದಿಲ್ಲ. ದುರುಗಪ್ಪ, ಪಿಚ್ಚರ್‌ನ್ಯಾಗ ಆ ಹೀರೋ ಬಂದಿದ್ದು ಯಾರ ಮ್ಯಾಲೆ ಸಿಟ್ಟಿಗೆ?”

“ಗೌಡನ ಮ್ಯಾಲ್ರೀ.”

“ಜೀತಕ್ಕ ಇಟಗೊಂಡಿದ್ದು ಯಾರು?”

“ಗೌಡನ್ರೀ.”

“ಹಂಗಾರ ಗೌಡನ್ನ ಯಾತರ್ಲೆ ಹೊಡದ?”

ದುರುಗಪ್ಪ ನೆನಪು ಮಾಡಿಕೊಂಡ. “ಕೈಲೆ ಹೊಡದನ್ರೀ. ಮುಷ್ಟೀಲೆ.”

“ನಿನ್ನ?”

“ಕೆರದ್ಲೆ.”

ಯಮನೂರಪ್ಪ ಸುತ್ತ ಕೂತವರನ್ನೆಲ್ಲ ಒಮ್ಮೆ ನೋಡಿದ. “ಎಷ್ಟು ಮಂದಿ ನೋಡಿದಿರಿ ಇದನ್ನ? ಸಿಳ್ಳಿ ಹೊಡೆಯೂದ್ರಾಗ ಯಾರೂ ನೋಡಲಿಲ್ಲ. ಬಡವ್ರನ್ನ ಬಿಡಸಾಕ ಬಂದಾವ ಅಂತ, ಪಿಚ್ಚರ್ ಮುಗಿಯೂತನಕ ಹೊಡದಿದ್ದೆಲ್ಲಾ ಹೊಟ್ಟಿಪಾಡಿಗೆ ಗೌಡನ ಕಡೆ ನಿಂತ ಬಡವ್ರನ್ನ. ಗೌಡನ ಮುಂದ ನಿಂತಾಗ ಗಂಡಸಿಗೆ ಗಂಡಸಾಗಿ ಕೈ ಎತ್ತಿದ. ಕೆರ ಮಾತ್ರ ನಮ್ಮಾಂವನ ಗಲ್ಲಕ್ಕ. ಆ ಪಿಚ್ಚರ್ ತಗದಾವ್ನಿಗೂ ಗೊತ್ತದ, ಕೆರ ಯಾರಿಗೆ ಅಂತ. ಛೀ, ಇದೇನು ಜೀತದ ಪಿಚ್ಚರೋ!”

ಮುದುಕ ಭಂಡಾರದ ತಟ್ಟೆಯನ್ನು ಎತ್ತಿಕೊಂಡು ನಿಂತ.

“ನಾನೂ ಜೀತಕ್ಕಿದ್ದೆ. ಈಗಿನ ಹುಡುಗ್ರಿಗೆ ಗೊತ್ತಿಲ್ಲ, ನಾ ಹೇಳೂ ಇಲ್ಲ. ಈಗ ಕೇಳತೀನಿ. ಇಲ್ಲಿ ಕೂತ ಹಿರೇರೊಳಗ, ಗೌಡನ ಕೆರ ನನಗ ಒಮ್ಮೆರೆ ತಾಗಿಲ್ಲ ಅನ್ನಾವ ಯಾವನರ ಇದ್ರ ಬರ್ರಿ, ಈ ಭಂಡಾರ ಮುಟ್ಟಿ ಹೇಳ್ರಿ. ಅಂಥಾವನ ಮಾತು ಕೇಳಿ ಈ ಸಂಬಂಧ ಮುರೀತೀನಿ.”

ತಟ್ಟೆ ಹಾಗೇ ಹಿಡಿದಿದ್ದ. ಎದ್ದು ನಿಂತಿದ್ದ ಬಾಗಲವಾಡದವನು ನಿಧಾನವಾಗಿ ಕೂತ. ಸಿದ್ದರಾಮಪ್ಪ ನೆಲ ನೋಡಿದ.

“ಇವನಿಗೊಂದು ಕೆರ ತಾಗಿದ್ದಕ್ಕ ಬಂಡಿ ಕಟ್ಟಿಕೊಂಡು ಬಂದೀವಿ. ಆವಾಗ ಯಾವನೂ ಕುಲ ಕೂಡಸಲಿಲ್ಲ. ಕೂಡಿಸಿದ್ರ ಕುಲದಾಗ ಉಳಿಯಾವ್ರು ಯಾರಿದ್ರು?” ಎಂದು ಹೇಳಿ ಯಮನೂರಪ್ಪ ಬೊಟ್ಟನ್ನು ಭಂಡಾರದಲ್ಲಿ ಅದ್ದಿ, ಮೊದಲು ತನ್ನ ಹಣೆಗೇ ಎಳೆದುಕೊಂಡ. ಆಮೇಲೆ ದುರುಗಪ್ಪನ ಹಣೆಗೆ ಹಚ್ಚಿದ.

ಸಿದ್ದರಾಮಪ್ಪ ಎದ್ದು ಬಂದು ತಲೆ ಬಗ್ಗಿಸಿದ. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಬಂಡಿ ಕಟ್ಟೋಣ ಅಂದವನೂ ಬಂದ. ನರೆತ ಮೀಸೆಯವರೆಲ್ಲ ಸಾಲು ಹಿಡಿದು ಬಂದು, ಒಬ್ಬರ ಮುಖ ಒಬ್ಬರು ನೋಡದೆ ಹಣೆಯೊಡ್ಡಿ ಹೋದರು. ದುರುಗಪ್ಪನ ಕಣ್ಣು ತುಂಬಿ ಬಂತು. ತಾನೊಬ್ಬನೇ ಅಂದುಕೊಂಡು ಇಷ್ಟು ದಿನ ಒಳಗೊಳಗೇ ಬೆಂದಿದ್ದನಲ್ಲ! ಅವನ ಎದೆ ಹಗುರಾಯಿತು. ಜೀತ ಬಿಟ್ಟು ಹೊರಬಂದ ದಿನವೂ ಇಷ್ಟು ಹಗುರಾಗಿರಲಿಲ್ಲ.

ಗಂಡಸರ ಸಾಲು ಮುಗಿಯಿತು ಅನ್ನುವಾಗ ಬೇವಿನ ಮರದ ಕಡೆಯಿಂದ ಬೂದೆಮ್ಮ ಎದ್ದು ಬಂದಳು. ಹೆಂಗಸರು ಕಟ್ಟೆಯ ಹತ್ತಿರ ಬರುವ ಪದ್ಧತಿಯಿಲ್ಲ. ಅವಳು ಬಂದೇ ಬಂದಳು. ತಲೆಯ ಮೇಲಿನ ಸೆರಗನ್ನು ಹಿಂದಕ್ಕೆ ಸರಿಸಿ, ಯಮನೂರಪ್ಪನ ಮುಂದೆ ಬಗ್ಗಿದಳು.

“ನನಗೂ ಹಚ್ಚ್ರೀ ಯಪ್ಪಾ.”

ಮುದುಕ ಏನನ್ನೂ ಕೇಳಲಿಲ್ಲ. ಹಣೆ ತುಂಬ ಭಂಡಾರ ಹಚ್ಚಿ, “ದೊಡ್ಡ ಜೀವ ನಿಂದು ಬೀಗಿತಿ. ಬರೂ ಸ್ವಾಮವಾರ ವೀಳ್ಯಾ ಇಟಗೊಳ್ಳಾಮೇನು?” ಅಂದ.

ಮೂಲೆಯಲ್ಲಿ ಕೂತಿದ್ದ ಕನಕಪ್ಪ ತಡೆಯಲಾರದೆ, “ಹೂಂ” ಅಂದುಬಿಟ್ಟ. ಅವನನ್ನು ಯಾರು ಕೇಳಿದ್ದರು? ಕಟ್ಟೆಯೆಲ್ಲ ಘೊಳ್ಳೆಂದು ನಕ್ಕಿತು. ಬಂಡೆಮ್ಮ ಹೆಂಗಸರ ಗುಂಪಿನಲ್ಲಿ ಮುಖ ಮುಚ್ಚಿಕೊಂಡಳು. ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಎದ್ದು ಯಮನೂರಪ್ಪನ ಕಡೆ ನಡೆದರು.

ದುರುಗಪ್ಪ ಮಾತ್ರ ನಗಲಿಲ್ಲ. ಬೀಗರಿಗೆ ಅಡಿಗೆ ಮಾಡಬೇಕು ಅಂತ ಮನೆಯ ಕಡೆ ಬಿರಬಿರನೆ ಹೊರಟ ಹೆಂಡತಿಯ ಬೆನ್ನು ಹತ್ತಿದ. ಓಣಿಯ ತಿರುವಿನಲ್ಲಿ ಅವಳ ಕೈ ಹಿಡಿದು ನಿಲ್ಲಿಸಿದ.

“ಯಾವಾಗ?”

“ಬಂಡೆಮ್ಮ ಹೊಟ್ಟ್ಯಾಗಿದ್ಲು. ಹಾಲಿನ ತಂಬಗಿ ಕೈ ಜಾರಿ ಬಿತ್ತು” ಅಂದಳು ಬೂದೆಮ್ಮ. ಹಣೆಯ ಭಂಡಾರ ಬೆವರಿಗೆ ಮೂಗಿನ ಮೇಲೆ ಇಳಿಯುತ್ತಿತ್ತು.

“ನನಗ ಒಂದು ಮಾತು ಹೇಳಲಿಲ್ಲಲ್ಲ ನೀ.”

“ಹೇಳಿದ್ರ ಏನ್ ಮಾಡ್ತಿದ್ದಿ? ಪಿಚ್ಚರ್‌ನ್ಯಾಗಿನ ಹೀರೋನಂಗ ಗೌಡನ ಮ್ಯಾಲೆ ಬಡದಾಡಾಕ ಹೋಗ್ತಿದ್ದೇನು?”

ದುರುಗಪ್ಪ ತಡಮಾಡದೆ ಹೇಳಿದ. “ಹೋಗ್ತಿದ್ದೆ.”

“ಅದಕ್ಕ ಹೇಳಲಿಲ್ಲ” ಅಂದಳು ಬೂದೆಮ್ಮ. “ನಡಿ ಈಗ, ಬೀಗರು ಹಸದಾರ.”